ಸಿಮ್ ಹಾಕಿದ ಡಬ್ಬಿಗಳು: ಕಂಪ್ಲಿ ಮೋಟರಿನಿಂದ ಹಂಪಿ ಎಳನೀರಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕೂತು ಕೇಳ್ತಿದೀರೋ, ಅಡುಗೆ ಮಾಡ್ತಾ ಕೇಳ್ತಿದೀರೋ ಗೊತ್ತಿಲ್ಲ. ಇಯರ್‌ಫೋನ್ ಸರಿಯಾಗಿ ಸಿಗಿಸ್ಕೊಳ್ಳಿ, ಇವತ್ತು ಸ್ವಲ್ಪ ಲೆಕ್ಕದ ವಿಷಯ ಇದೆ.

ಒಂದು ರಾತ್ರಿ ಹತ್ತು ಗಂಟೆಗೆ ಕಂಪ್ಲಿಯಿಂದ ನಮ್ಮ ಮಾವ ಫೋನ್ ಮಾಡಿದ್ರು. ನಾನು ಹೊಸಪೇಟೆಯ ಮನೇಲಿ ಊಟಕ್ಕೆ ಕೂತಿದ್ದೆ. "ಅಳಿಯಾ, ಮೋಟರ್ ಆ್ಯಪ್ ಓಪನ್ ಆಗವಲ್ದು ನೋಡಪ್ಪ" ಅಂದ್ರು. ನೆಟ್‌ವರ್ಕ್ ಇರಲಿಕ್ಕಿಲ್ಲ ಮಾವ, ಬೆಳಿಗ್ಗೆ ನೋಡೋಣ ಅಂದೆ. ಬೆಳಿಗ್ಗೆಯೂ ಓಪನ್ ಆಗಲಿಲ್ಲ. ಮೂರನೇ ದಿನ ಗೊತ್ತಾಯ್ತು, ಆ ಮೋಟರ್ ಸ್ಟಾರ್ಟರ್ ಮಾರಿದ ಕಂಪನಿಯೇ ಬಾಗಿಲು ಹಾಕಿದೆ ಅಂತ. ಕಸ್ಟಮರ್ ಕೇರ್ ನಂಬರ್ ಸ್ವಿಚ್ಡ್ ಆಫ್. ಗೋಡೆ ಮೇಲಿನ ಡಬ್ಬಿ ಗಟ್ಟಿಯಾಗಿದೆ, ಹಸಿರು ಲೈಟ್ ಉರೀತಿದೆ, ಸಿಮ್‌ನಲ್ಲಿ ರೀಚಾರ್ಜ್ ಇದೆ. ಆದ್ರೆ ಅದು ಮಾತಾಡಬೇಕಾದ ಸರ್ವರ್ ಆ ಕಡೆ ಇಲ್ಲ. ಹೊಲದಲ್ಲಿ ಭತ್ತ ತೆನೆ ಬಿಡೋ ಹೊತ್ತು.

ಆವತ್ತಿಂದ ನನ್ನ ತಲೇಲಿ ಒಂದು ಪ್ರಶ್ನೆ ಕೂತುಬಿಟ್ಟಿದೆ. ನಮ್ಮ ಸುತ್ತಮುತ್ತ, ಅಂದ್ರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆ, ಎಷ್ಟು ವಸ್ತುಗಳೊಳಗೆ ಈಗ ಸಿಮ್ ಕಾರ್ಡ್ ಇದೆ? ಅದನ್ನ ಇಟ್ಕೊಂಡು ಯಾರು ಯಾರು ವ್ಯಾಪಾರ ಮಾಡ್ತಿದ್ದಾರೆ? ದುಡ್ಡು ಎಲ್ಲಿಂದ ಎಲ್ಲಿಗೆ ಹೋಗ್ತಿದೆ? ನಾನು ಓದಿದ್ದು ಬಿ.ಕಾಂ. ಸಾಫ್ಟ್‌ವೇರ್ ನನಗೆ ಅಷ್ಟಕ್ಕಷ್ಟೆ, ಆದ್ರೆ ಲೆಕ್ಕ ಬರುತ್ತೆ. ಅದಕ್ಕೇ ಲೆಕ್ಕದ ಕಡೆಯಿಂದ ಹೋಗೋಣ.

ಮೊದಲು ಹಂಪಿ. ಎಲ್ಲರಿಗೂ ಗೊತ್ತಿರೋ ಡಬ್ಬಿ ಅಲ್ಲಿದೆ.

ನನ್ನ ಗೆಳೆಯನ ತಾಯಿ ಅಲ್ಲಿ ಎಳನೀರು ಮಾರ್ತಾರೆ. ಅವರಿಗೆ ಓದೋಕೆ ಬರಲ್ಲ. ಕ್ಯೂಆರ್ ಕೋಡ್ ಬಂದ ಹೊಸದರಲ್ಲಿ ಅವರಿಗೆ ಒಂದೇ ಸಂಕಟ. ಗಿರಾಕಿ ಮೊಬೈಲ್ ತೋರಿಸಿ "ಆಂಟಿ, ಡನ್" ಅಂತಾರೆ, ಇವರು ಹಸಿರು ಟಿಕ್ ನೋಡಿ ತಲೆ ಆಡಿಸ್ತಾರೆ. ಸಂಜೆ ಮಗ ಅಕೌಂಟ್ ನೋಡಿದ್ರೆ ನಾಲ್ಕೈದು ಎಳನೀರಿನ ದುಡ್ಡು ಬಂದೇ ಇರ್ತಿರಲಿಲ್ಲ. ಕೆಲವರು ಹಳೇ ಸ್ಕ್ರೀನ್‌ಶಾಟ್ ತೋರಿಸಿ ಹೋಗ್ತಿದ್ರು. ಆಮೇಲೆ ಸೌಂಡ್‌ಬಾಕ್ಸ್ ಬಂತು. ದುಡ್ಡು ಬಂದ್ರೆ ಅದು ಕೂಗುತ್ತೆ, ಬರದಿದ್ರೆ ಸುಮ್ಮನಿರುತ್ತೆ. "ಅದು ಒದರಿದ ಮ್ಯಾಲೇ ನಾನು ಕಾಯಿ ಕೆತ್ತೋದು" ಅಂತಾರೆ ಅಮ್ಮ.

ಈ ಡಬ್ಬಿ ಒಳಗೆ ದೊಡ್ಡ ಬುದ್ಧಿ ಏನೂ ಇಲ್ಲ. ಒಂದು ಸಿಮ್, ಒಂದು ಸಣ್ಣ ಚಿಪ್, ಒಂದು ಬ್ಯಾಟರಿ, ಒಂದು ಸ್ಪೀಕರ್. ಅಷ್ಟೆ. ನೀವು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ತೀರಿ. ನಿಮ್ಮ ಬ್ಯಾಂಕಿನಿಂದ ಅಮ್ಮನ ಬ್ಯಾಂಕಿಗೆ ಹಣ ಹೋಗುತ್ತೆ, ಮಧ್ಯದಲ್ಲಿ ಎನ್‌ಪಿಸಿಐ ವ್ಯವಸ್ಥೆ ಇರುತ್ತೆ. ಹಣ ಜಮಾ ಆದ ಸುದ್ದಿ ಪೇಮೆಂಟ್ ಕಂಪನಿಯ ಸರ್ವರ್‌ಗೆ ಬರುತ್ತೆ. ಆ ಸರ್ವರ್ ಮೊಬೈಲ್ ನೆಟ್‌ವರ್ಕ್ ಮೂಲಕ ಇದೇ ಡಬ್ಬಿಗೆ ಸಂದೇಶ ಕಳಿಸುತ್ತೆ. ಡಬ್ಬಿ ಕನ್ನಡದಲ್ಲಿ ಕೂಗುತ್ತೆ. ಫೋನ್‌ಪೇಯವರು 2024ರಲ್ಲಿ ಸುದೀಪ್ ಧ್ವನಿಯಲ್ಲೂ ಕೂಗೋ ಹಾಗೆ ಮಾಡಿದ್ರು. ಇಷ್ಟೆಲ್ಲ ಎರಡು ಮೂರು ಸೆಕೆಂಡಲ್ಲಿ ಆಗಿಹೋಗುತ್ತೆ. ಅಂದ್ರೆ ಬುದ್ಧಿ ಇರೋದು ದೂರದ ಸರ್ವರ್‌ನಲ್ಲಿ. ಅಂಗಡಿಯಲ್ಲಿರೋದು ಬರೀ ಬಾಯಿ.

ಆ ದೂರದ ಸರ್ವರ್‌ಗೇ ನಾವು ಕ್ಲೌಡ್ ಅನ್ನೋದು. ಹೆಸರು ಮೋಡ, ಆದ್ರೆ ಅದು ನೆಲದ ಮೇಲೇ ಇದೆ. ದೊಡ್ಡ ಕಟ್ಟಡ, ಸಾವಿರಾರು ಕಂಪ್ಯೂಟರ್, ಹಗಲು ರಾತ್ರಿ ಎ.ಸಿ. ಅಮೆಜಾನ್ ಇಂಥ ಕೇಂದ್ರಗಳನ್ನ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಶುರು ಮಾಡಿತು. ಇದರಿಂದ ಏನಾಯ್ತು ಅಂದ್ರೆ, ಹೊಸ ಕಂಪನಿ ತೆಗೆಯೋ ಹುಡುಗರು ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ. ಬಳಸಿದಷ್ಟಕ್ಕೆ ತಿಂಗಳ ಬಾಡಿಗೆ ಕಟ್ಟಿದ್ರೆ ಸಾಕು. ಬಂಡವಾಳದ ಖರ್ಚು ಹೋಗಿ ತಿಂಗಳ ಖರ್ಚು ಆಯ್ತು. ಕಾಮರ್ಸ್ ಓದಿದವರಿಗೆ ಈ ಒಂದು ವಾಕ್ಯದಲ್ಲೇ ಅರ್ಧ ಕಥೆ ಅರ್ಥ ಆಗಿರುತ್ತೆ.

ಇನ್ನರ್ಧ ಕಥೆ ಆದಾಯದ್ದು. 2020ರ ಜನವರಿ 1ರಿಂದ ಯುಪಿಐ ವ್ಯವಹಾರಕ್ಕೆ ವ್ಯಾಪಾರಿಯಿಂದ ಶುಲ್ಕ ತಗೊಳ್ಳೋ ಹಾಗಿಲ್ಲ ಅಂತ ಸರ್ಕಾರ ಮಾಡಿತು. ಹಾಗಾದ್ರೆ ಪೇಮೆಂಟ್ ಕಂಪನಿ ಬದುಕೋದು ಹೆಂಗೆ? ಒಂದು ದಾರಿ ಈ ಡಬ್ಬಿ. ಪೇಮೆಂಟ್ ಫ್ರೀ, ಕೂಗೋದಕ್ಕೆ ಬಾಡಿಗೆ. ಅಮ್ಮ ತಿಂಗಳಿಗೆ ನೂರರ ಆಸುಪಾಸು ಕಟ್ತಾರೆ. ಇನ್ನೊಂದು ದಾರಿ ಸಾಲ. ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ, ಸೀಸನ್‌ನಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು, ಎಲ್ಲ ಸರ್ವರ್‌ನಲ್ಲಿ ಕೂತಿದೆ. ಆ ಲೆಕ್ಕ ನೋಡಿ, ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಮೂಲಕ ಸಾಲ ಕೊಡಿಸಿ, ದಿನಾ ಇಷ್ಟು ಅಂತ ಕಡಿತ ಮಾಡ್ತಾರೆ. ಅಡವಿಡೋಕೆ ಬಂಗಾರ ಇಲ್ಲದ, ಪಹಣಿ ಇಲ್ಲದ ಒಬ್ಬ ಹೆಣ್ಣುಮಗಳಿಗೆ ಅವರ ವ್ಯಾಪಾರವೇ ಸಾಕ್ಷಿ ಆಗುತ್ತೆ. ಇದು ಸಣ್ಣ ಮಾತಲ್ಲ. ಬಡ್ಡಿ ಎಷ್ಟು ಅಂತ ಕೇಳಿಯೇ ಸಹಿ ಹಾಕಬೇಕು, ಅದು ಬೇರೆ ಮಾತು.

ಆದ್ರೆ ಸಾಕ್ಷಿ ಎರಡೂ ಕಡೆ ಹೇಳುತ್ತೆ. 2025ರ ಜುಲೈ ನೆನಪಿದೆಯಲ್ಲ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂತು ಅನ್ನೋದು ದೊಡ್ಡ ಸುದ್ದಿ ಆಯ್ತು. ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ನೋಂದಣಿ ಆಗಬೇಕಾದವರು ಆಗಲೇಬೇಕು ಅಂದ್ರು.

ನನಗೆ ಆಗ ಹಂಪಿಯಿಂದ ಫೋನ್ ಬಂತು. "ಡಬ್ಬಿ ತೆಗೆದು ಬಿಡ್ಲೇನಪ್ಪಾ?" ಅಂತ ಅಮ್ಮ. ನಾನು ಕೂತು ಹೇಳಿದೆ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ನೋಂದಣಿಯ ಮಾತು. ಮೇಲಾಗಿ ಬಿಡಿ ಎಳನೀರಿಗೆ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಆದ್ರೆ ಸರ್ವರ್‌ಗೆ ಎಳನೀರು ಯಾವುದು, ಅಣ್ಣ ಕಳಿಸಿದ ಕೈಗಡ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಕಾಣೋದು ಜಮಾ ಒಂದೇ. ವಿವರ ನಾವೇ ಬರೆದಿಡಬೇಕು. ವ್ಯಾಪಾರಕ್ಕೆ ಒಂದು ಅಕೌಂಟ್, ಮನೆಗೆ ಒಂದು ಅಕೌಂಟ್ ಮಾಡಿ ಅಂದೆ. ಮಾಡಿದ್ರು. ಡಬ್ಬಿ ಇನ್ನೂ ಕೂಗ್ತಿದೆ.

ಈಗ ಸಂಡೂರು. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್, ಹಸಿರು ಗುಡ್ಡ, ಕೆಂಪು ದೂಳು.

ಇಲ್ಲಿ ಲಾರಿಗಳಿಗೆ ಸಿಮ್ ಬಂದ ಕಥೆಗೆ ಒಂದು ಇತಿಹಾಸ ಇದೆ. ನಮ್ಮ ವಯಸ್ಸಿನವರು ಆಗ ಶಾಲೆಯಲ್ಲಿದ್ವಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ರು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ರು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಕಾಲದ ಅಕ್ರಮಗಳಲ್ಲಿ ಪರ್ಮಿಟ್ ಇಲ್ಲದೆ ಅದಿರು ಸಾಗಿಸೋದು, ಮಿತಿ ಮೀರಿ ಲೋಡ್ ಹಾಕೋದು ದೊಡ್ಡವು. ಕಾಗದದ ಪರ್ಮಿಟ್ ಇದ್ದ ಕಾಲ. ಕಾಗದಕ್ಕೆ ತಾನು ಎಲ್ಲಿದೀನಿ ಅಂತ ಹೇಳೋಕೆ ಬರಲ್ಲ.

ಈಗ ಹಂಗಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಐಎಲ್‌ಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆ ಇದೆ. ಪರ್ಮಿಟ್ ಅಲ್ಲೇ ಹುಟ್ಟುತ್ತೆ. ಅದಿರು ಹೊರೋ ಗಾಡಿಗೆ ಜಿಪಿಎಸ್ ಬೇಕು. ಕಾನೂನಿಗಾಗಿ ಬಂದ ಈ ಡಬ್ಬಿ ಮೇಲೆ ಈಗ ಬೇರೆ ಬೇರೆ ವ್ಯಾಪಾರ ಬೆಳೆದಿದೆ. ನನ್ನ ಕ್ಲಾಸ್‌ಮೇಟ್ ಒಬ್ಬ ಸಂಡೂರಲ್ಲಿ ಒಂದೇ ಒಂದು ಟಿಪ್ಪರ್ ಇಟ್ಕೊಂಡಿದ್ದಾನೆ. ಅವನ ಫೋನಲ್ಲಿ ಗಾಡಿ ಎಲ್ಲಿದೆ, ಎಷ್ಟು ಹೊತ್ತು ಎಂಜಿನ್ ಆನ್ ಇಟ್ಟು ನಿಂತಿತ್ತು ಎಲ್ಲ ಕಾಣುತ್ತೆ. ಡೀಸೆಲ್ ಟ್ಯಾಂಕಿಗೂ ಒಂದು ಸೆನ್ಸರ್ ಹಾಕಿಸಿದ್ದಾನೆ. ಅದಕ್ಕೆಲ್ಲ ವರ್ಷಕ್ಕೊಮ್ಮೆ ಚಂದಾ.

"ಡೀಸೆಲ್ ಕಳ್ಳತನ ನಿಂತೈತೆ, ಖರೆ" ಅಂತಾನೆ ಅವನು. "ಆದ್ರೆ ನನ್ನ ಡ್ರೈವರ್ ಎರಡು ದಿನ ಮಾತಾಡಲಿಲ್ಲ. ಆರು ವರ್ಷದಿಂದ ಐದಾನೆ, ನನ್ನ ಮ್ಯಾಲೆ ನಂಬಿಕೆ ಇಲ್ಲೇನು ಅಂದ." ಅವನು ಡ್ರೈವರ್‌ಗೆ ಏನು ಮಾಡಿದ ಗೊತ್ತಾ? ಅದೇ ಆ್ಯಪ್ ಡ್ರೈವರ್ ಫೋನಲ್ಲೂ ಹಾಕಿಕೊಟ್ಟ. ನಾನು ನೋಡೋದನ್ನ ನೀನೂ ನೋಡು ಅಂತ. ಡೀಸೆಲ್ ಉಳಿಸಿದ್ದರಲ್ಲಿ ಒಂದು ಪಾಲು ಡ್ರೈವರ್‌ಗೆ. ನನಗೆ ಇದು ಬಹಳ ಹಿಡಿಸ್ತು. ಒಬ್ಬನೇ ನೋಡಿದ್ರೆ ಅದು ಕಾವಲು, ಇಬ್ಬರೂ ನೋಡಿದ್ರೆ ಲೆಕ್ಕ.

ಹೊರಗಿನ ಪ್ರಪಂಚದಲ್ಲಿ ಈ ಥರದ ವ್ಯಾಪಾರ ಹೊಸದೇನಲ್ಲ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಅನ್ನೋ ಕಂಪನಿ ವಿಮಾನದ ಎಂಜಿನ್ ವಿಷಯದಲ್ಲಿ ಒಂದು ಯೋಜನೆ ತಂತು. ವಿಮಾನ ಎಷ್ಟು ಗಂಟೆ ಹಾರುತ್ತೋ ಅಷ್ಟು ಗಂಟೆಗೆ ಇಂತಿಷ್ಟು ದುಡ್ಡು ಕೊಡಿ, ರಿಪೇರಿ ಜವಾಬ್ದಾರಿ ನಮ್ಮದು ಅಂತ. ಆಮೇಲೆ ಆ ಕಂಪನಿ ರೋಲ್ಸ್ ರಾಯ್ಸ್ ಪಾಲಾಯ್ತು, ಯೋಜನೆಯೂ ಮುಂದುವರೀತು. ವಸ್ತು ಮಾರೋ ಬದಲು ಅದರ ಕೆಲಸ ಮಾರೋದು. ಆಗ ಅದು ವಿಮಾನದಂಥ ದುಬಾರಿ ವಸ್ತುವಿಗೆ ಮಾತ್ರ ಕಟ್ತಿತ್ತು. ಈಗ ಚಿಪ್ಪು, ಸಿಮ್ಮು, ಸರ್ವರ್ ಅಗ್ಗ ಆದ ಮೇಲೆ ಅದೇ ವಿದ್ಯೆ ಟಿಪ್ಪರಿಗೂ ಬಂದಿದೆ, ಎಳನೀರು ಗಾಡಿಗೂ ಬಂದಿದೆ.

ಹೊಸಪೇಟೆಗೆ ಬರ್ತೀನಿ. ನಮ್ಮೂರಿನ ಮಾತಾಡುವಾಗ ಡ್ಯಾಂ ಬಿಟ್ಟು ಹೋಗೋಕಾಗಲ್ಲ.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 33 ಗೇಟ್‌ಗಳಲ್ಲಿ 19ನೇದರ ಚೈನ್ ಕಟ್ ಆಯ್ತು. ಗೇಟ್ ಕೊಚ್ಚಿ ಹೋಯ್ತು. ಆ ವಾರ ಪೂರ್ತಿ ನಮ್ಮ ಫೋನ್‌ಗಳಲ್ಲಿ ಅಂಕಿಗಳದ್ದೇ ಮಳೆ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್, ಎಷ್ಟು ಟಿಎಂಸಿ ಉಳಿದಿದೆ. ನಾನೂ ಫಾರ್ವರ್ಡ್ ಮಾಡಿದವನೇ. ಆದ್ರೆ ನೀರು ನಿಲ್ಲಿಸಿದ್ದು ಅಂಕಿ ಅಲ್ಲ. ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನಮ್ಮ ಸುತ್ತಮುತ್ತಲಿನ ವರ್ಕ್‌ಶಾಪ್‌ಗಳಲ್ಲಿ ತಯಾರಾದ ಕಬ್ಬಿಣದ ಸ್ಟಾಪ್‌ಲಾಗ್‌ಗಳನ್ನ ಹರಿಯೋ ನೀರಲ್ಲೇ ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ನಿಲ್ಲಿಸಿದ್ರು. ಕಾರ್ಮಿಕರು ಜೀವ ಪಣಕ್ಕಿಟ್ಟು ಮಾಡಿದ ಕೆಲಸ ಅದು.

ಇದನ್ನ ಯಾಕೆ ಹೇಳ್ತಿದೀನಿ? ಸೆನ್ಸರ್ ಬಗ್ಗೆ ಮಾತಾಡೋವಾಗ ನಾವು ಒಂದು ತಪ್ಪು ಮಾಡ್ತೀವಿ. ಸೆನ್ಸರ್ ಇದ್ರೆ ಎಲ್ಲ ಸರಿಹೋಗುತ್ತೆ ಅಂದ್ಕೋತೀವಿ. ಸೆನ್ಸರ್ ಸುದ್ದಿ ಹೇಳುತ್ತೆ. ಸುದ್ದಿ ಕೇಳಿ ಸ್ಪ್ಯಾನರ್ ಹಿಡಿಯೋ ಕೈ ಬೇರೆ ಬೇಕು. ಚೈನಿಗೆ ಎಣ್ಣೆ ಹಾಕೋದು, ಸವೆದಿದ್ದನ್ನ ಬದಲಿಸೋದು ಯಾವ ಕ್ಲೌಡ್‌ನಿಂದಲೂ ಆಗಲ್ಲ. ಹಾಗಾಗಿ ನಮ್ಮ ಕಡೆ ಹುಡುಗರಿಗೆ ಇದರಲ್ಲಿ ಕೆಲಸ ಎಲ್ಲಿದೆ ಅಂತ ಕೇಳಿದ್ರೆ, ಆ್ಯಪ್ ಮಾಡೋದರಲ್ಲಿ ಒಂದು ಪಾಲು ಅಷ್ಟೆ. ಡಬ್ಬಿ ಕೂರಿಸೋದು, ಕೆಟ್ಟಾಗ ಅದೇ ದಿನ ಬಂದು ನೋಡೋದು, ರೈತರಿಗೆ ಅವರ ಮಾತಲ್ಲೇ ಬಿಡಿಸಿ ಹೇಳೋದು, ಇದರಲ್ಲಿ ದೊಡ್ಡ ಪಾಲು ಇದೆ. ಐಟಿಐ ಓದಿದವರು ಇದನ್ನ ಗಮನಿಸಿ.

ಸರಿ, ಈಗ ಮತ್ತೆ ಕಂಪ್ಲಿಗೆ, ಮಾವನ ಮೋಟರಿಗೆ.

ನದಿ ದಂಡೆ ಹೊಲ. ಮೂರು ಮನೆಯವರು ಸೇರಿ ಒಂದೇ ಮೋಟರ್. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್. ತ್ರೀಫೇಸ್ ಕರೆಂಟ್ ಪಾಳಿ ಪ್ರಕಾರ ಬರುತ್ತೆ, ಕೆಲವೊಮ್ಮೆ ನಡುರಾತ್ರಿ. ನಮ್ಮ ಅಜ್ಜ ಹಂಗೇ ಒಂದು ರಾತ್ರಿ ಮೋಟರ್ ಹಾಕೋಕೆ ಹೋಗಿ ಹಾವು ಕಚ್ಚಿ ಆರು ದಿನ ಆಸ್ಪತ್ರೆಯಲ್ಲಿದ್ರು. ಬದುಕಿದ್ರು. ಆದ್ರೆ ಆಮೇಲೆ ಮನೇಲಿ ಯಾರೂ ರಾತ್ರಿ ಹೊಲಕ್ಕೆ ಹೋದ್ರೂ ಅಜ್ಜಿ ಬರೋ ತನಕ ಮಲಗ್ತಿರಲಿಲ್ಲ.

ಮಾವ ಮೊದಲು ತಂದಿದ್ದು ಸಾದಾ ಮೊಬೈಲ್ ಸ್ಟಾರ್ಟರ್. ಅದರೊಳಗೆ ಒಂದು ಸಿಮ್. ಯಾವ ಫೋನಿಂದಾದ್ರೂ ಆ ನಂಬರ್‌ಗೆ ಕಾಲ್ ಮಾಡಿ ಬಟನ್ ಒತ್ತಿದ್ರೆ ಮೋಟರ್ ಆನ್, ಇನ್ನೊಂದು ಒತ್ತಿದ್ರೆ ಆಫ್. ಕ್ಲೌಡ್ ಇಲ್ಲ, ಆ್ಯಪ್ ಇಲ್ಲ. ಅಜ್ಜಿ ನಿದ್ದೆ ಮಾಡೋಕೆ ಶುರು ಮಾಡಿದ್ದು ಆವಾಗಿಂದ.

ಎರಡನೇದು ಆ್ಯಪ್‌ನದ್ದು. ತಗೊಳ್ಳೋಕೆ ಹೇಳಿದ್ದು ನಾನೇ. ಅದನ್ನ ಮುಚ್ಚಿಡಲ್ಲ. ಅದರಲ್ಲಿ ಚೆನ್ನಾಗಿರೋದು ಬಹಳ ಇತ್ತು. ನೀರಿಲ್ಲದೆ ಮೋಟರ್ ಒಣಗಿ ಓಡಿದ್ರೆ ತಾನೇ ನಿಲ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಯಾರ ಹೊಲಕ್ಕೆ ಎಷ್ಟು ಗಂಟೆ ಓಡಿತು ಅಂತ ಲೆಕ್ಕ ಇಡ್ತಿತ್ತು. ಮೂರು ಮನೆಯವರ ಜಗಳಕ್ಕೆ ಅದೇ ಮದ್ದು. ಪೈಪ್ ಒಡೆದ್ರೆ, ಕಾಯಿಲ್ ಸುಟ್ರೆ, ಗಂಟೆ ಲೆಕ್ಕದಲ್ಲಿ ಖರ್ಚು ಹಂಚಿಕೊಳ್ತಿದ್ರು. ಬ್ರಿಸ್ಟಲ್ ಸಿಡ್ಲಿ ವಿಮಾನಕ್ಕೆ ಮಾಡಿದ್ದನ್ನ ಇವರು ಹೆಸರು ಗೊತ್ತಿಲ್ಲದೆ ಕಂಪ್ಲಿಯಲ್ಲಿ ಮಾಡಿದ್ರು ಅನ್ನಬಹುದು.

ಸರ್ವರ್ ನಿಂತ ಆ ವಾರ ಮೂರು ರಾತ್ರಿ ಮಾವ ಬ್ಯಾಟರಿ ಹಿಡಕೊಂಡು ಹೊಲಕ್ಕೆ ನಡೆದ್ರು. ನಾಲ್ಕನೇ ದಿನ ಮೆಕ್ಯಾನಿಕ್ ಬಂದು ಆ ಡಬ್ಬಿಯ ವೈರ್ ಬಿಡಿಸಿ, ಅಟ್ಟದ ಮೇಲಿದ್ದ ಹಳೇ ಸ್ಟಾರ್ಟರ್ ಜೋಡಿಸಿಕೊಟ್ಟ. ಬೆಳೆ ಉಳೀತು. ಉಳಿಯದೆ ಇದ್ದದ್ದು ಲೆಕ್ಕ. ಹದಿನೈದು ದಿನದ ಹಿಂದೆ ಮೋಟರ್ ಸುಟ್ಟು ರಿವೈಂಡಿಂಗ್ ಮಾಡಿಸಿದ್ರು, ಹನ್ನೆರಡು ಸಾವಿರ. ಅದನ್ನ ಹಂಚಬೇಕಾಗಿತ್ತು. ಗಂಟೆಗಳ ದಾಖಲೆ ಪೂರ್ತಿ ಆ ಸರ್ವರ್‌ನಲ್ಲಿ. ಕಾಗದದಲ್ಲಿ ಏನೂ ಇಲ್ಲ, ಯಾಕಂದ್ರೆ ಆ್ಯಪ್ ಇದೆಯಲ್ಲ. ಮಾವ ಒಂದು ಲೆಕ್ಕ ಹೇಳಿದ್ರು, ಪಕ್ಕದ ಹೊಲದವರು ಇನ್ನೊಂದು ಹೇಳಿದ್ರು. ಇಬ್ಬರೂ ಸುಳ್ಳು ಹೇಳೋರಲ್ಲ, ಇಬ್ಬರಿಗೂ ನೆನಪಿಲ್ಲ ಅಷ್ಟೆ. ಕೊನೆಗೆ ಸಮ ಪಾಲು ಮಾಡಿದ್ರು. ಆದ್ರೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಆ ಮನೆಯ ಮದುವೆಗೆ ಮಾವ ಹೋಗಿ ಅಕ್ಕಿಕಾಳು ಹಾಕಿ ಊಟ ಮಾಡದೆ ಬಂದ್ರು.

ಇದು ನಮ್ಮ ಕಡೆ ಮಾತ್ರ ಆಗಿದ್ದಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಡಬ್ಬಿ ಇತ್ತು, ಮನೆಯ ಲೈಟು, ಬೀಗ ಎಲ್ಲ ಫೋನಿಂದ ನಡೆಸೋದು, 300 ಡಾಲರ್. ಗೂಗಲ್ ಬಳಗದ ನೆಸ್ಟ್ ಕಂಪನಿ ಅದನ್ನ 2014ರಲ್ಲಿ ಕೊಂಡುಕೊಳ್ತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಜನ ದುಡ್ಡು ಕೊಟ್ಟು ಕೊಂಡ ಡಬ್ಬಿ ಅವತ್ತಿಂದ ಕೆಲಸ ಮಾಡಲಿಲ್ಲ. ಅಷ್ಟು ದೊಡ್ಡ ಬಳಗದಲ್ಲೇ ಹಿಂಗೆ ಆಗಬಹುದಾದ್ರೆ ಸಣ್ಣ ಕಂಪನಿಯನ್ನ ಬೈದು ಏನು ಪ್ರಯೋಜನ? ಬೈಯೋದಕ್ಕಿಂತ ಕೊಳ್ಳೋವಾಗಲೇ ಕೇಳೋದು ಒಳ್ಳೇದು.

ನಾನು ಈಗ ನಾಲ್ಕು ಪ್ರಶ್ನೆ ಕೇಳ್ತೀನಿ. ನೀವು ಕೊಳ್ಳೋರಾದ್ರೂ ಕೇಳಿ, ಇಂಥ ವ್ಯಾಪಾರ ಮಾಡೋರಾದ್ರೆ ಉತ್ತರ ರೆಡಿ ಇಟ್ಕೊಳ್ಳಿ.

ಒಂದು. ನೆಟ್ ಹೋದಾಗ ಇದು ಏನು ಮಾಡುತ್ತೆ? ಕೈಯಿಂದ ಆನ್ ಮಾಡೋ ಬಟನ್ ಇದೆಯಾ?

ಎರಡು. ಎರಡನೇ ವರ್ಷ ಎಷ್ಟು? ಮೊದಲ ವರ್ಷ ಫ್ರೀ ಅನ್ನೋದು ಎಲ್ಲರಿಗೂ ಬರುತ್ತೆ. ಡಬ್ಬಿ ಬೆಲೆ, ಐದು ವರ್ಷದ ಚಂದಾ, ಸಿಮ್ ರೀಚಾರ್ಜ್ ಎಲ್ಲ ಕೂಡಿಸಿ ನೋಡಿ.

ಮೂರು. ನನ್ನ ಲೆಕ್ಕ ನನಗೆ ಸಿಗುತ್ತಾ? ತಿಂಗಳಿಗೊಮ್ಮೆ ಫೋನಿಗೆ ಇಳಿಸಿಕೊಳ್ಳೋಕೆ ಆಗುತ್ತಾ? ಅದನ್ನ ಬೇರೆ ಯಾರು ನೋಡ್ತಾರೆ? 2023ರಲ್ಲಿ ದೇಶಕ್ಕೆ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿ. ಕೇಳೋ ಹಕ್ಕಿದೆ, ಕೇಳೋ ಅಭ್ಯಾಸ ನಮಗೆ ಬರಬೇಕು.

ನಾಲ್ಕು. ನಾಳೆ ನಿಮ್ಮ ಕಂಪನಿ ಮುಚ್ಚಿದ್ರೆ ಇದು ನಡೆಯುತ್ತಾ? ಇದನ್ನ ಕೇಳಿದ್ರೆ ಸೇಲ್ಸ್‌ನವರು ನಗ್ತಾರೆ. ನಗಲಿ. ಹಂಪಿಯ ತುರ್ತಾ ಕಾಲುವೆ ನೋಡಿ ಬನ್ನಿ ಅನ್ನಿ. ವಿಜಯನಗರ 1565ರಲ್ಲಿ ಬಿತ್ತು. ಆ ಕಾಲುವೆ ಇವತ್ತಿಗೂ ಗದ್ದೆಗೆ, ಬಾಳೆ ತೋಟಕ್ಕೆ ನೀರು ಕೊಡ್ತಿದೆ. ಕಟ್ಟಿಸಿದವರು ಇಲ್ಲದೆ ಇದ್ರೂ ನಡೆಯೋ ಹಾಗೆ ಕಟ್ಟೋದು ನಮ್ಮ ಊರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಪಂಪ್ ಮನೆ ಬಾಗಿಲ ಹಿಂದೆ ಮೊಳೆಗೆ ದಾರ ಕಟ್ಟಿ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದಾರೆ. ಮೂರು ಮನೆಯವರೂ ತಾವು ಓಡಿಸಿದ ಗಂಟೆ ತಾವೇ ಬರೀತಾರೆ. ಪಕ್ಕದ ಹೊಲದವರ ಅಕ್ಷರ ಮಾವನಿಗಿಂತ ಚೆನ್ನಾಗಿದೆ. ಮಾವ ಅದನ್ನ ತೋರಿಸಿ, "ಹೊಸಾದು ಒಂದು ಬಂದೈತಂತೆ ಅಳಿಯಾ, ಆ್ಯಪ್‌ನದು. ತಗೊಳ್ಳೋದಾ ಬ್ಯಾಡ?" ಅಂದ್ರು. ನಾಲ್ಕು ಪ್ರಶ್ನೆ ಒಂದು ಚೀಟೀಲಿ ಬರೆದು ಕೊಟ್ಟೆ. ಅಂಗಡಿಯವರು ಮೂರಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಾರೆ, ನಾಲ್ಕನೇದಕ್ಕೆ ವಿಚಾರಿಸಿ ಹೇಳ್ತೀನಿ ಅಂದಿದ್ದಾರೆ. ಮಾವ ಕಾಯ್ತಿದ್ದಾರೆ. ತಗೊಂಡ್ರೂ ನೋಟ್‌ಬುಕ್ ತೆಗೆಯಲ್ಲ ಅಂತ ಮೂರು ಮನೆಯವರೂ ಮಾತಾಡಿಕೊಂಡಿದ್ದಾರೆ.

ನಿಮ್ಮ ಮನೇಲಿ, ಅಂಗಡೀಲಿ, ಹೊಲದಲ್ಲಿ ಸಿಮ್ ಇರೋ ಡಬ್ಬಿ ಯಾವುದಿದೆ, ಅದು ಯಾವತ್ತಾದ್ರೂ ಕೈ ಕೊಟ್ಟಿದೆಯಾ ಅಥವಾ ಕೈ ಹಿಡಿದಿದೆಯಾ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಅದನ್ನೇ ಕೇಳೋಣ. ಬರ್ತೀನಿ, ನಮಸ್ಕಾರ.